ಹದಿನಾಲ್ಕನೇ ಸೀಟಿನ ಅಜ್ಜಿ

ಮೂವತ್ತೆಂಟನೇ ದಿನದ ಹೊತ್ತಿಗೆ ನಮ್ಮ ಪ್ರವಾಸಿಗರ ಲಾರಿಯಲ್ಲಿ ಯಾರಿಗೂ ಯಾರ ಮುಖವೂ ಬೇಕಾಗಿರಲಿಲ್ಲ. ಕೇಪ್‌ಟೌನಿನಲ್ಲಿ ಹತ್ತಿದ ದಿನ ಒಬ್ಬರಿಗೊಬ್ಬರು ಬಿಸ್ಕತ್ತು ಹಂಚಿಕೊಂಡು, ದೂರದಲ್ಲಿ ಜಿರಾಫೆಯ ಕತ್ತು ಕಂಡರೂ ಎದ್ದು ನಿಂತು ಕೂಗುತ್ತಿದ್ದ ಜನ ಇವರೇನಾ ಅನ್ನಿಸುತ್ತಿತ್ತು. ಈಗ ಆನೆಗಳ ಹಿಂಡೇ ಅಡ್ಡ ಬಂದರೂ ಅರ್ಧ ಕಣ್ಣು ತೆರೆದು, "ಹೂಂ, ಆನೆ" ಎಂದು ಮತ್ತೆ ಕಿಟಕಿಗೆ ತಲೆ ಆನಿಸುತ್ತಿದ್ದರು. ಡೇರೆಗಳ ಜಿಪ್ಪು ಕಿತ್ತುಹೋಗಿತ್ತು. ಬಟ್ಟೆಗಳೆಲ್ಲ ಒಂದೇ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. "ನನ್ನ ಸೋಪು ಯಾರು ತೆಗೆದುಕೊಂಡರು" ಎಂಬ ಅವರ ಜಗಳ ಜಾಂಬಿಯಾದಲ್ಲಿ ಶುರುವಾದದ್ದು ಮಲಾವಿ ದಾಟಿ ತಾಂಜಾನಿಯಾಕ್ಕೆ ಬಂದರೂ ಮುಗಿದಿರಲಿಲ್ಲ.

ಅವರನ್ನೇಕೆ ಅನ್ನಲಿ, ನಾನೇನು ಕಡಿಮೆ? ನಾನು ಆ ಲಾರಿಯ ಅಡುಗೆಯವಳು, ನ್ಯಾಮಿಜಿ, ಟಬೋರಾ ಕಡೆಯವಳು. ನಮ್ಮ ಮುತ್ತಜ್ಜಂದಿರು ತಲೆಯ ಮೇಲೆ ಆನೆದಂತ ಹೊತ್ತು ತಿಂಗಳುಗಟ್ಟಲೆ ನಡೆದು ಸಮುದ್ರ ಮುಟ್ಟುತ್ತಿದ್ದರು. ನಾನೂ ಅದೇ ಸಮುದ್ರಕ್ಕೆ ಸೌಟು ಹಿಡಿದು ಹೊರಟವಳು, ಅಷ್ಟೇ ವ್ಯತ್ಯಾಸ. ಇಪ್ಪತ್ತು ಜನರಿಗೆ ಮೂರು ಹೊತ್ತು ಬೇಯಿಸಿ ಬೇಯಿಸಿ ನನ್ನ ಮೈಯಿಂದ ಹೊಗೆಯ ವಾಸನೆ ಹೋಗುತ್ತಲೇ ಇರಲಿಲ್ಲ. ಇನ್ನೆರಡು ದಿನ. ದಾರ್ ಎಸ್ ಸಲಾಮ್ ಮುಟ್ಟಿ, ಇವರನ್ನೆಲ್ಲ ಇಳಿಸಿ, ಒಂದು ಬಕೆಟ್ ಬಿಸಿನೀರು ಸುರಿದುಕೊಂಡು ಮಲಗಿದರೆ ಸಾಕಾಗಿತ್ತು. ಆ ಎರಡು ದಿನವನ್ನು ಹೇಗಾದರೂ ತಳ್ಳಿಬಿಡಬೇಕು ಎಂದುಕೊಂಡದ್ದೇ ಎಲ್ಲ ಅನಾಹುತಕ್ಕೂ ಮೂಲ.

ನಮ್ಮ ಜೊತೆಗೆ ಲೇಮಾ ಎಂಬ ಗೈಡ್ ಇದ್ದ. ಏಳನೇ ಸೀಟಿನ ಹುಡುಗಿಗೆ ಮಲೇರಿಯಾ ಏರಿ, ಅವಳನ್ನು ಕರೆದುಕೊಂಡು ಇರಿಂಗಾದಿಂದ ಬೆಳಗಿನ ಬಸ್ಸಿಗೆ ದಾರ್‌ನ ಆಸ್ಪತ್ರೆಗೆ ಹೊರಟುಹೋದ. ಕೆಲಸದವರಲ್ಲಿ ಉಳಿದವರು ಇಬ್ಬರು: ಡ್ರೈವರ್ ಕಿಬ್ವಾನ ಮತ್ತು ನಾನು. ಕಿಬ್ವಾನ ಟಾಂಗಾದ ಕಡಲತಡಿಯವನು, ಐವತ್ತೆಂಟು ವರ್ಷ, ಮೂವತ್ತು ವರ್ಷದಿಂದ ಸ್ಟೀರಿಂಗ್ ಹಿಡಿದವನು. ಹೋಗುವ ಮುಂಚೆ ಲೇಮಾ ನನ್ನ ಕೈಗೆ ಎಣಿಕೆಯ ಕೆಲಸ ಕೊಟ್ಟ.

ಎಣಿಕೆ ಎಂದರೆ ದೊಡ್ಡ ವಿದ್ಯೆಯೇನಲ್ಲ. ಪ್ರತಿ ಸೀಟಿಗೂ ಒಂದು ನಂಬರು. ಎಲ್ಲಿ ನಿಂತರೂ, ಹೊರಡುವ ಮುಂಚೆ ಮುಂದಿನ ಸೀಟಿನವರಿಂದ ಹಿಡಿದು ಒಬ್ಬೊಬ್ಬರೇ ತಮ್ಮ ನಂಬರು ಕೂಗಬೇಕು. ಇಪ್ಪತ್ತು ಎಂಬ ಕೂಗು ಕೇಳುವ ತನಕ ಕಿಬ್ವಾನ ಗೇರಿಗೆ ಕೈ ಹಾಕುವಂತಿಲ್ಲ. ಲೇಮಾ ಇದರ ಮೇಲೆ ಇನ್ನೊಂದು ಕೆಲಸ ಮಾಡುತ್ತಿದ್ದ: ಸೀಟುಗಳ ನಡುವೆ ನಡೆದು ಹೋಗಿ ತಲೆಗಳನ್ನೂ ಎಣಿಸುತ್ತಿದ್ದ. ನನಗೆ ಅಷ್ಟು ತಾಳ್ಮೆ ಎಲ್ಲಿಯದು? ನಾನು ಕಿಬ್ವಾನನ ಪಕ್ಕ ಕ್ಯಾಬಿನ್ನಿನಲ್ಲಿ ಕೂತು, ಹಿಂದಿನ ಸಣ್ಣ ಕಿಟಕಿಗೆ ಕಿವಿ ಕೊಟ್ಟೆ.

ಹದಿನಾಲ್ಕನೇ ಸೀಟು ಮಾರ್ಲೀಸ್ ಅಜ್ಜಿಯದು. ಎಪ್ಪತ್ತೆರಡು ವರ್ಷದ ಡಚ್ ಹೆಂಗಸು. ತನ್ನ ಊರಿನ ಕಾಲುವೆಯಲ್ಲಿ ದೋಣಿಗಳು ದಾಟಲು ತೂಬಿನ ಬಾಗಿಲು ತೆರೆದು ಮುಚ್ಚುವ ಕೆಲಸದಲ್ಲಿ ಜೀವನ ಕಳೆದು, ಗಂಡ ಸತ್ತ ಮೇಲೆ ಆಫ್ರಿಕಾ ನೋಡಬೇಕೆಂದು ಒಬ್ಬಳೇ ಹೊರಟು ಬಂದವಳು. ಇಡೀ ಲಾರಿಯಲ್ಲಿ ಸಂಜೆ ನನ್ನ ಪಕ್ಕ ಬಂದು ಕೂತು ಈರುಳ್ಳಿ ಸುಲಿದುಕೊಡುತ್ತಿದ್ದವಳು ಅವಳೊಬ್ಬಳೇ. ಅವಳ ಕಿವಿಯ ಯಂತ್ರ ಮಲಾವಿ ಸರೋವರದಲ್ಲಿ ನೆನೆದು ಹಾಳಾಗಿತ್ತು. ಅಲ್ಲಿಂದ ಮುಂದೆ ಕಿವಿ ಪೂರಾ ಬಂದ್. ಎಣಿಕೆ ಹದಿಮೂರರ ತನಕ ಬಂದು ಅಲ್ಲಿ ನಿಲ್ಲುತ್ತಿತ್ತು. ಯಾರಾದರೂ ಅವಳ ಭುಜ ತಟ್ಟಬೇಕು, ಅವಳು ಬೆಚ್ಚಿಬಿದ್ದು "ಅಯ್ಯೋ, ಹದಿನಾಲ್ಕು!" ಎಂದು ಕಿರುಚಬೇಕು, ಉಳಿದವರು ಉಸ್ಸೆನ್ನಬೇಕು. ಒಂದು ದಿನ ನೋಡಿ ನೋಡಿ ರೇಗಿ, ಹದಿಮೂರನೇ ಸೀಟಿನ ಸ್ಪೇನಿನ ಹುಡುಗ ಇನ್ಯಾಕಿಗೆ ಅಂದೆ:

"ಲೋ ಮಾರಾಯ, ನೀನು ಹದಿಮೂರು ಅಂದ್ಮೇಲೆ ಹದಿನಾಲ್ಕೂ ನೀನೇ ಅಂದ್ಬಿಡು. ಅಜ್ಜೀನ ಸುಮ್ನೆ ಯಾಕೆ ಗೋಳು ಹುಯ್ಕೊಳ್ತೀರಾ."

ಮೊದಲು ಅವನು ಪಕ್ಕಕ್ಕೆ ತಿರುಗಿ ಅಜ್ಜಿ ಇದ್ದಾಳೆಂದು ನೋಡಿ ಕೂಗುತ್ತಿದ್ದ. ಹತ್ತು ದಿನ ಕಳೆದ ಮೇಲೆ ಕಣ್ಣು ಮುಚ್ಚಿಕೊಂಡೇ ಕೂಗತೊಡಗಿದ. ಹದಿಮೂರು-ಹದಿನಾಲ್ಕು ಎಂಬುದು ಒಂದೇ ಮಾತಾಗಿಹೋಯಿತು. ಆ ಜಾಣತನ ನನ್ನದು, ಬೇರೆ ಯಾರದೂ ಅಲ್ಲ.

ಇನ್ನೊಂದು ತಪ್ಪೂ ನನ್ನದೇ. ಇರಿಂಗಾದಲ್ಲಿ ಹಿಂದಿನ ರಾತ್ರಿ ಐಸ್ ಪೆಟ್ಟಿಗೆಯ ತಳದಲ್ಲಿ ಒಂದಿಷ್ಟು ಕೊಚ್ಚಿದ ಮಾಂಸ ಉಳಿದಿತ್ತು. ಮೂಗಿಗೆ ಹಿಡಿದು ನೋಡಿದೆ, ಏನೋ ಅನುಮಾನ. ಬೇರೆ ದಿನವಾಗಿದ್ದರೆ ನಾಯಿಗೆ ಎಸೆಯುತ್ತಿದ್ದೆ. ಆದರೆ ಮತ್ತೆ ಪೇಟೆಗೆ ಹೋಗಿ ಚೌಕಾಶಿ ಮಾಡುವಷ್ಟು ತ್ರಾಣ ಇರಲಿಲ್ಲ. ಟೊಮೆಟೊ, ಖಾರ ಜಾಸ್ತಿ ಹಾಕಿ ಕುದಿಸಿದೆ. ತಿಂದವರು ಚೆನ್ನಾಗಿದೆ ಎಂದೇ ಹೊಗಳಿದರು.

ಮರುದಿನ ರುವಾಹಾ ಹೊಳೆಯ ಪಕ್ಕ ಬಾವೋಬಾಬ್ ಮರಗಳ ಕಣಿವೆ ಇಳಿಯುವಾಗಲೇ ಒಬ್ಬೊಬ್ಬರ ಮುಖ ಬಿಳುಚಿತ್ತು. ಈರುಳ್ಳಿ ಮಾರುವವರ ಊರಿನಲ್ಲಿ ಒಂದು ಸಲ ನಿಂತೆವು. ಮಿಕುಮಿ ಪೇಟೆಯಲ್ಲಿ ಇನ್ನೊಂದು ಸಲ. ಅಲ್ಲಿಂದ ಮುಂದೆ ಹೆದ್ದಾರಿ ಕಾಡಿನ ನಡುವೆಯೇ ಹೋಗುತ್ತದೆ. ಐವತ್ತು ಕಿಲೋಮೀಟರು ಯಾರೂ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ಯಾವ ಪ್ರಾಣಿಗೆ ಗುದ್ದಿದರೆ ಎಷ್ಟು ದಂಡ ಎಂದು ರಸ್ತೆಯ ಪಕ್ಕ ಹಲಗೆ ಹಾಕಿದ್ದಾರೆ. ಮನುಷ್ಯರನ್ನು ಬಿಟ್ಟು ಹೋದರೆ ಎಷ್ಟು ಎಂದು ಮಾತ್ರ ಬರೆದಿಲ್ಲ.

ಕಾಡಿನ ಅರ್ಧ ದಾಟಿದ್ದೆವೋ ಇಲ್ಲವೋ, ಹಿಂದಿನಿಂದ ಬಜರ್ ಬಡಿದುಕೊಳ್ಳತೊಡಗಿತು.

"ಇಲ್ಲಿ ಆಗಲ್ಲ ಅಂತ ಹೇಳು ಅವ್ರಿಗೆ," ಎಂದ ಕಿಬ್ವಾನ. "ಇನ್ನರ್ಧ ಗಂಟೆ ತಡ್ಕೊಳ್ಳೋಕೆ ಏನು ರೋಗ?"

"ರೋಗವೇ ಅಣ್ಣಾ. ತಡ್ಕೊಳ್ಳೋ ರೋಗ ಅಲ್ಲ ಅದು. ನಿಲ್ಸು, ಇಲ್ದಿದ್ರೆ ಲಾರಿ ತೊಳಿಯೋಳು ನಾನೇ."

"ಯಾರಾದ್ರೂ ನೋಡಿದ್ರೆ ನನ್ ಲೈಸೆನ್ಸ್ ಹೋಗುತ್ತೆ, ನಿಂದೇನು ಹೋಗುತ್ತೆ?"

"ಮದ್ದು ಅಗೆಯೋಕೆ ಎಷ್ಟೊತ್ತು ಬೇಕು? ಐದು ನಿಮಿಷ."

ನಮ್ಮ ಬಸ್ಸುಗಳಲ್ಲಿ ಹಾಗೇ ಹೇಳುವುದು. ದಾರಿಯಲ್ಲಿ ಬಯಲಿಗೆ ಹೋಗುವುದಿದ್ದರೆ ಮದ್ದಿನ ಬೇರು ಅಗೆಯಲು ಹೋಗುತ್ತೇವೆ ಎನ್ನುತ್ತೇವೆ. ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ಮೂವತ್ತೆಂಟು ದಿನದಲ್ಲಿ ನಮ್ಮ ಪರದೇಶಿಗಳಿಗೂ ಅದು ರೂಢಿಯಾಗಿತ್ತು. ಕಿಬ್ವಾನ ಬೈದುಕೊಳ್ಳುತ್ತ ನಿಲ್ಲಿಸಿದ. ಮಧ್ಯಾಹ್ನ ಮೂರೂವರೆ. ರಸ್ತೆಯ ಎರಡೂ ಕಡೆ ಹಳದಿ ಹುಲ್ಲು, ಸೊಂಟದೆತ್ತರ. ಬಾಗಿಲು ತೆರೆದದ್ದೇ ತಡ ಎಲ್ಲ ದಡಬಡನೆ ಇಳಿದು ಹುಲ್ಲಿಗೆ ನುಗ್ಗಿದರು. ದೂರ ಹೋಗಬೇಡಿ ಎಂದು ನಾನು ಕೂಗಿದೆ. ಮಾರ್ಲೀಸ್ ಅಜ್ಜಿಗೆ ಆ ಕೂಗು ಕೇಳುವುದೆಂತು? ಅವಳು ನಾಚಿಕೆಯ ಹೆಂಗಸು. ಯಾವಾಗಲೂ ಎಲ್ಲರಿಗಿಂತ ದೂರ, ಏನಾದರೊಂದು ಮರೆ ಹುಡುಕಿಯೇ ಕೂರುವವಳು.

ಐದೇ ನಿಮಿಷ. ಎಲ್ಲ ಮರಳಿ ಹತ್ತಿದರು. ನಾನು ಕಿಟಕಿಗೆ ಕಿವಿ ಕೊಟ್ಟೆ. ಒಂದು, ಎರಡು, ಮೂರು. ಏಳಿಲ್ಲ. ಎಂಟು. ಸೋತ ದನಿಗಳು. ಹದಿಮೂರು-ಹದಿನಾಲ್ಕು. ಇಪ್ಪತ್ತು.

"ಹೊರಡು," ಎಂದೆ.

ಲಾರಿ ಹೊರಟು ಇನ್ನೂರು ಗಜ ಹೋಗಿರಬಹುದು. ನನ್ನ ಕಡೆಯ ಕನ್ನಡಿಯಲ್ಲಿ, ಧೂಳಿನ ಆಚೆ, ಒಬ್ಬ ಹೆಂಗಸು ರಸ್ತೆಗೆ ಬಂದಳು. ತಲೆಯ ಮೇಲಿಂದ ಕೆಂಪು ಕಾಂಗಾ ಹೊದ್ದಿದ್ದಳು, ನಮ್ಮ ಹಳ್ಳಿಯ ಹೆಂಗಸರೆಲ್ಲ ಹೊದೆಯುವ ಬಟ್ಟೆ. ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಲಿಫ್ಟ್ ಕೇಳುವವರು ನಮಗೆ ಹೊಸಬರಲ್ಲ. ಹೊರಗಿನವರನ್ನು ಹತ್ತಿಸಬಾರದೆಂದು ಕಂಪನಿಯ ಕಟ್ಟಪ್ಪಣೆ. ಪ್ರತಿ ಸಲವೂ ಪಾಪ ಅನ್ನಿಸುತ್ತದೆ, ಆದರೆ ಏನು ಮಾಡುವುದು? ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದೆ. ಜಾಗ ಇಲ್ಲ ತಾಯಿ, ಹಿಂದೆ ಬಸ್ಸು ಬರುತ್ತೆ ಎಂಬಂತೆ. ಆಮೇಲೆ ತಿರುವು ಬಂತು. ಕನ್ನಡಿಯಲ್ಲಿ ಬರೀ ಹುಲ್ಲು ಉಳಿಯಿತು.

ಕಾಡಿನ ನಟ್ಟನಡುವೆ ಹಳ್ಳಿಯ ಹೆಂಗಸು ಎಲ್ಲಿಂದ ಬಂದಾಳು ಎಂದು ನನಗೆ ಹೊಳೆಯಲಿಲ್ಲ. ಈ ನೆಲದಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟೂ ಹೊಳೆಯಲಿಲ್ಲ.

ಕಾಡು ದಾಟಿ ಡೋಮಾ ಎಂಬ ಹಳ್ಳಿಯಲ್ಲಿ ಚಹಾಕ್ಕೆ ನಿಂತೆವು. ಶುಂಠಿ ಚಹಾದ ಲೋಟ ಬಾಯಿಗಿಡುತ್ತಿದ್ದಾಗ ಇನ್ಯಾಕಿ ಬಂದು ನನ್ನೆದುರು ನಿಂತ. ಅವನ ಕೈಯಲ್ಲಿ ಅಜ್ಜಿಯ ನೀರಿನ ಬಾಟಲಿ.

"ನ್ಯಾಮಿಜಿ, ಅಜ್ಜಿ ನಿಮ್ ಜೊತೆ ಮುಂದೆ ಕೂತಿದ್ರಾ?"

"ಮುಂದೆ ಯಾಕೆ ಕೂರ್ತಾಳೆ? ನಿನ್ ಪಕ್ಕ ತಾನೆ ಇರೋದು."

"ಇಲ್ಲ," ಎಂದ. "ನಾನು... ನಾನು ನೋಡ್ಲಿಲ್ಲ. ಕಣ್ಮುಚ್ಕೊಂಡಿದ್ದೆ. ಸುಮ್ನೆ ಕೂಗ್ಬಿಟ್ಟೆ."

ಲೋಟ ಎಲ್ಲಿಟ್ಟೆನೋ ಗೊತ್ತಿಲ್ಲ. ಕಣ್ಣೆದುರು ಆ ಕೆಂಪು ಕಾಂಗಾ ಬಂದು ನಿಂತಿತು. ಇರಿಂಗಾದ ಪೇಟೆಯಲ್ಲಿ ಅದನ್ನು ಅವಳಿಗೆ ಆರಿಸಿಕೊಟ್ಟವಳು ನಾನು. ಧೂಳಿಗೆ ಒಳ್ಳೆಯದು ಅಜ್ಜಿ ಎಂದು ಅವತ್ತು ಬೆಳಗ್ಗೆ ಅವಳ ತಲೆಗೆ ಸುತ್ತಿದವಳೂ ನಾನೇ. ಕೂಗಿದರೆ ಕೇಳಿಸದ, ಸಿಂಹ ಗುರುಗುಟ್ಟಿದರೂ ಕೇಳಿಸದ ಮುದುಕಿಯನ್ನು ಕಾಡಿನಲ್ಲಿ ಬಿಟ್ಟು, ಕೈ ಬೀಸಿ ಬಂದಿದ್ದೆ.

ಕಿಬ್ವಾನನನ್ನು ಪಕ್ಕಕ್ಕೆ ಎಳೆದು ಹೇಳಿದೆ.

"ಕಾಡಿನ ಗೇಟಲ್ಲಿ ರೇಂಜರ್‌ಗಳಿಗೆ ಹೇಳೋಣ ಅಣ್ಣಾ. ಬಂದೂಕು ಇರೋರು ಬೇಕು."

"ಬಾಯ್ಮುಚ್ಚು! ಹೇಳಿದ್ರೆ ನಾವಿಬ್ರೂ ಬೀದಿಗೆ. ಮೂವತ್ತು ವರ್ಷ ಒಂದು ಕೋಳೀನೂ ಕೊಂದಿಲ್ಲ ನಾನು ಈ ಗಾಡೀಲಿ. ಮೊದ್ಲು ಹೋಗಿ ನೋಡೋಣ. ರಸ್ತೆ ಪಕ್ಕದಲ್ಲೇ ಕೂತಿರ್ತಾಳೆ, ಹತ್ತಿಸ್ಕೊಂಡು ಬಂದ್ಬಿಡೋದು. ಯಾರಿಗೂ ಗೊತ್ತಾಗಲ್ಲ."

ಜನರನ್ನೆಲ್ಲ ಚಹಾದಂಗಡಿಯಲ್ಲೇ ಕೂರಿಸಿ, ಖಾಲಿ ಲಾರಿ ತಿರುಗಿಸಿದೆವು. ಹಿಂದೆ ಇಪ್ಪತ್ತು ಖಾಲಿ ಸೀಟು ಗಡಗಡ ಎನ್ನುತ್ತಿದ್ದವು. ಸ್ವಲ್ಪ ದೂರ ಹೋದ ಮೇಲೆ ತಡೆಯಲಾರದೆ ಕನ್ನಡಿಯ ವಿಷಯವನ್ನೂ ಅವನಿಗೆ ಹೇಳಿಬಿಟ್ಟೆ.

ಕಿಬ್ವಾನ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನೋಡಿ ಕೈ ಬೀಸಿದ್ಯಾ?"

"ಯಾರೋ ನಮ್ಮೋರು ಅಂದ್ಕೊಂಡೆ ಅಣ್ಣಾ."

"ನಮ್ಮೋರು ಅಂತ ಗೊತ್ತಾಗಿ ತಾನೆ ಬಿಟ್ಟು ಬಂದೆ." ಗೇರು ಬದಲಿಸುತ್ತ, "ಇನ್ಯಾರ ಹತ್ರಾನೂ ಹೇಳ್ಬೇಡ," ಎಂದ. ಆ ಮಾತು ಮೆತ್ತಗಿತ್ತು. ಬೈದಿದ್ದರೆ ಚೆನ್ನಾಗಿತ್ತು.

ಗೇಟು ದಾಟಿದ ಮೇಲೆ ನಮಗೆ ಇನ್ನೊಂದು ಸತ್ಯ ಗೊತ್ತಾಯಿತು: ಎಲ್ಲಿ ನಿಲ್ಲಿಸಿದ್ದೆವು ಎಂಬುದು ಇಬ್ಬರಿಗೂ ನೆನಪಿಲ್ಲ. ಅಲ್ಲಿ ಎಲ್ಲ ಒಂದೇ. ಅದೇ ಹುಲ್ಲು, ಅದೇ ಜಾಲಿ, ಅದೇ ತಾಳೆ. ಪ್ರತಿ ತಿರುವೂ ಅದೇ ತಿರುವು ಅನ್ನಿಸುತ್ತಿತ್ತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದೆ. ಒಂದು ಕಡೆ ಹದ್ದುಗಳು ಸುತ್ತುತ್ತಿದ್ದವು. ಕಿಬ್ವಾನನಿಗೆ ತೋರಿಸಲಿಲ್ಲ. ಅವನೂ ನೋಡಿದ್ದ, ಅವನೂ ಹೇಳಲಿಲ್ಲ.

ಮುಂದೆ ರಸ್ತೆಯ ತುಂಬ ಆನೆಗಳು. ಹದಿನಾರೋ ಹದಿನೆಂಟೋ. ಮರಿಗಳನ್ನು ನಡುವೆ ಹಾಕಿಕೊಂಡು, ಡಾಂಬರಿನ ಮೇಲೆ ತಮ್ಮ ಮನೆಯ ಅಂಗಳ ಎಂಬಂತೆ ನಿಂತಿದ್ದವು. ಹಾರನ್ ಹೊಡೆಯುವಂತಿಲ್ಲ. ಎಂಜಿನ್ ನಿಲ್ಲಿಸಿ ಕೂತೆವು. ಬಿಸಿಲು ಓರೆಯಾಗುತ್ತಿತ್ತು. ಜೀವನದಲ್ಲಿ ಎಷ್ಟೋ ಆನೆ ನೋಡಿದ್ದೇನೆ, ಅವತ್ತಿನಷ್ಟು ಅವುಗಳನ್ನು ಶಪಿಸಿದ್ದಿಲ್ಲ. ಅಷ್ಟರಲ್ಲಿ ಹಿಂದಿನಿಂದ ಹಸಿರು ಜೀಪೊಂದು ಬಂದು ನಮ್ಮ ಪಕ್ಕ ನಿಂತಿತು. ಚಾಲಕನ ಪಕ್ಕ ಕೂತಿದ್ದ ರೇಂಜರ್ ಕಿಟಕಿಯಿಂದ ತಲೆ ಎತ್ತಿದ. ಎದೆಯ ಮೇಲೆ ಮ್ವಿತಾ ಎಂದು ಹೆಸರಿತ್ತು.

"ಏನ್ ಯಜಮಾನ್ರೇ, ಟೂರಿಸ್ಟ್ ಗಾಡಿ ಖಾಲಿ ಓಡಾಡ್ತಿದೆ? ಜನಾನ ಆನೆಗೆ ಮಾರಿದ್ರಾ?"

"ನೀರಿನ ಕ್ಯಾನ್ ಮರೆತು ಬಂದ್ವಿ ಸಾಹೇಬ್ರೇ, ಮಿಕುಮೀಲಿ," ಎಂದ ಕಿಬ್ವಾನ. ಹಲ್ಲು ಕಿರಿದ.

ಜೀಪಿನವನು ನಕ್ಕು ಗಾಜು ಏರಿಸತೊಡಗಿದ. ನನಗೆ ಆ ಗಾಜು ಅಜ್ಜಿಯ ಮೇಲೆ ಮುಚ್ಚುತ್ತಿದೆ ಅನ್ನಿಸಿತು.

"ಸುಳ್ಳು!" ಎಂದು ಕೂಗಿದೆ. "ಒಬ್ಬ ಹೆಂಗಸನ್ನ ಬಿಟ್ಟು ಬಂದಿದೀವಿ. ಮುದುಕಿ. ಕಿವಿ ಕೇಳ್ಸಲ್ಲ."

ಕಿಬ್ವಾನ ಕಣ್ಣು ಮುಚ್ಚಿಕೊಂಡ. ಮ್ವಿತಾನ ನಗು ಹಾಗೇ ನಿಂತುಹೋಯಿತು. ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

"ಎಷ್ಟೊತ್ತಾಯ್ತು?"

"ಒಂದೂವರೆ ಗಂಟೆ."

"ಯಾವ ಕಡೆ ಇಳಿದ್ಲು? ನೀವು ಹೋಗ್ತಿದ್ದ ಮೊರೊಗೊರೊ ಕಡೆ ಮುಖ ಮಾಡ್ಕೊಂಡು ನಿಂತ್ರೆ ಎಡಕ್ಕೋ ಬಲಕ್ಕೋ?"

"ಬಲಕ್ಕೆ. ಹೆಂಗಸ್ರು ಬಲಕ್ಕೆ."

ಅವನು ತನ್ನ ಚಾಲಕನ ಮುಖ ನೋಡಿದ. "ಆ ಕಡೆ ಒಂದು ಹೆಣ್ಣು ಸಿಂಹ ಮರಿಗಳ ಜೊತೆ ಇದೆ," ಎಂದ. "ನಿನ್ನೆ ಕಾಡೆಮ್ಮೆ ಹೊಡೆದಿದೆ. ಇನ್ನೂ ಅಲ್ಲೇ ಇದೆ."

ಆನೆಗಳು ತಮಗೆ ಮನಸ್ಸು ಬಂದಾಗ ಸರಿದವು. ಜೀಪು ಮುಂದೆ, ನಾವು ಹಿಂದೆ. ಒಂದು ಕಿಲೋಮೀಟರೂ ಹೋಗಿರಲಿಲ್ಲ, ಹುಲ್ಲಿನ ಮೇಲೆ ಬೆಳ್ಳಗೆ ಏನೋ ಹಾರಾಡುವುದು ಕಂಡಿತು. ಕಾಗದ. ನಮ್ಮ ಪರದೇಶಿಗಳು ಒರೆಸಿ ಬಿಸಾಡಿದ ಕಾಗದ, ರಸ್ತೆಯ ಎರಡೂ ಕಡೆ ಮುಳ್ಳಿಗೆ ಸಿಕ್ಕಿಕೊಂಡಿತ್ತು. ಕಾಗದವನ್ನು ಸುಡಿ, ಇಲ್ಲವೇ ಹೂಳಿ ಎಂದು ಮೂವತ್ತೆಂಟು ದಿನ ಅವರನ್ನು ಬೈದಿದ್ದೇನೆ. ಅವತ್ತು ಆ ಗಲೀಜನ್ನು ನೋಡಿ ದೇವರೇ ಎಂದು ಅತ್ತುಬಿಟ್ಟೆ.

ರಸ್ತೆಯಲ್ಲಿ ಯಾರೂ ಇರಲಿಲ್ಲ. ಮ್ವಿತಾ ಜೀಪಿನ ಛಾವಣಿ ಹತ್ತಿ ದುರ್ಬೀನು ಹಿಡಿದ. ನಾನು ಬಾಯಿಗೆ ಎರಡೂ ಕೈ ಇಟ್ಟು "ಅಜ್ಜೀ!" ಎಂದು ಕೂಗಲು ಹೋದೆ. ಅವನು ಮೇಲಿನಿಂದಲೇ ಗದರಿಸಿದ.

"ಯಾರನ್ನ ಕರೀತಿದೀಯ? ಅವಳಿಗೆ ಕೇಳ್ಸಲ್ಲ. ಕೇಳ್ಸೋದೆಲ್ಲ ಬೇರೆಯವಕ್ಕೆ."

ಬಾಯಿ ಮುಚ್ಚಿಕೊಂಡೆ. ಅವನು ಬಹಳ ಹೊತ್ತು ಒಂದೇ ಕಡೆ ನೋಡಿದ. ಆಮೇಲೆ ಮೆಲ್ಲಗೆ ಇಳಿದು ಬಂದು, ಕೈ ಚಾಚಿ ತೋರಿಸಿದ. ರಸ್ತೆಯಿಂದ ಇನ್ನೂರು ಹೆಜ್ಜೆಯಾಚೆ ಒಂದು ಹುತ್ತ. ಹುತ್ತದ ಮೇಲೆ ಒಂದು ಕೆಂಪು ಚುಕ್ಕೆ.

"ಜೀವ ಇದೆ. ಕೂತಿದಾಳೆ. ನಮ್ಮ ಕಡೆ ಬೆನ್ನು." ದುರ್ಬೀನನ್ನು ಕುತ್ತಿಗೆಗೆ ಇಳಿಬಿಟ್ಟ. "ಅವಳ ಮುಂದೆ ನಲವತ್ತು ಹೆಜ್ಜೇಲಿ ಸಿಂಹ ಮಲಗಿದೆ. ಅವಳು ಅದನ್ನೇ ನೋಡ್ತಾ ಕೂತಿದಾಳೆ. ಅಲ್ಲಾಡ್ತಿಲ್ಲ. ಬುದ್ಧಿವಂತೆ."

"ಗುಂಡು ಹಾರಿಸಿ," ಎಂದೆ.

"ಗಾಳೀಲಿ ಹಾರಿಸಿದ್ರೆ ಅದು ಯಾವ ಕಡೆ ಓಡುತ್ತೆ ಅಂತ ನಾನು ಹೇಳಲಾ? ಮರಿ ಇದ್ದಾಗ ಅದು ಓಡೋದೂ ಇಲ್ಲ. ಜೀಪು ಹೋಗಲ್ಲ, ನಡುವೆ ಕೊರಕಲಿದೆ. ನಡ್ಕೊಂಡೇ ಹೋಗ್ಬೇಕು." ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬಂದೂಕು ಹಿಡ್ಕೊಂಡು ನಾನು ಹಿಂದಿಂದ ಹೋಗಿ ಮುಟ್ಟಿದ್ರೆ ಕಿರುಚ್ತಾಳೆ. ಎದ್ದು ಓಡ್ತಾಳೆ. ಅವಳು ಓಡಿದ್ರೆ ಮುಗೀತು. ಗೊತ್ತಿರೋ ಮುಖ ಬೇಕು. ಬರ್ತೀಯಾ?"

ಬರುವುದಿಲ್ಲ ಎನ್ನಬೇಕೆಂದು ನನ್ನ ಮೈಯ ಪ್ರತಿಯೊಂದು ಎಲುಬೂ ಹೇಳುತ್ತಿತ್ತು. ನನಗೆ ಮೂರು ಮಕ್ಕಳು. ನಾನು ಸೌಟು ಹಿಡಿಯುವವಳು, ಧೈರ್ಯದ ಹೆಂಗಸಲ್ಲ, ಕತ್ತಲಲ್ಲಿ ಬಾವಿಗೆ ಹೋಗಲೂ ಜೊತೆಗೆ ಯಾರಾದರೂ ಬೇಕು. ಆದರೆ ಆ ಕೈ ಬೀಸಿದವಳು ನಾನಲ್ಲವೇ. ಚಪ್ಪಲಿ ಕಳಚಿಟ್ಟು ಅವನ ಹಿಂದೆ ಹೊರಟೆ. ಕಿಬ್ವಾನ ಕ್ಯಾಬಿನ್ನಿನಿಂದ ಇಳಿದು ರಸ್ತೆಯಲ್ಲಿ ನಿಂತು, ಎರಡೂ ಅಂಗೈ ಮೇಲೆತ್ತಿ ದುವಾ ಮಾಡತೊಡಗಿದ.

ಕೊರಕಲು ಇಳಿದು ಹತ್ತಿದೆವು. ಮ್ವಿತಾ ನನ್ನಿಂದ ಹತ್ತು ಹೆಜ್ಜೆ ಎಡಕ್ಕೆ ಸರಿದು, ಬಂದೂಕು ಎದೆಗೆ ಹಿಡಿದು ನಡೆದ. ಒಣಹುಲ್ಲು ಕಾಲಡಿ ಮುರಿಯುವ ಸದ್ದು ನನಗೆ ಕಾಡಿಗೆಲ್ಲ ಕೇಳಿಸುವಷ್ಟು ದೊಡ್ಡದಾಗಿತ್ತು. ಕೊಳೆತ ಮಾಂಸದ ವಾಸನೆ ಬಂತು. ಬೆವರು ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲೂ ಹೆದರಿಕೆ. ಹತ್ತಿರ ಹೋದ ಹಾಗೆ ಅಜ್ಜಿಯ ಬೆನ್ನು ಸ್ಪಷ್ಟವಾಯಿತು: ಕೆಂಪು ಕಾಂಗಾ, ಅದರ ಕೆಳಗೆ ಚೂಪಾದ ಎರಡು ಭುಜ. ಅವಳಾಚೆ ಹುಲ್ಲಿನಲ್ಲಿ ಮೊದಲು ಒಂದು ಕಿವಿ ಕಂಡಿತು. ಆಮೇಲೆ ಇಡೀ ತಲೆ. ಅದು ನನ್ನನ್ನೇ ನೋಡುತ್ತಿತ್ತು.

ನಿಂತುಬಿಟ್ಟೆ. ಅಜ್ಜಿಗೂ ನನಗೂ ನಡುವೆ ಎಂಟು ಹತ್ತು ಹೆಜ್ಜೆ. ಕರೆಯುವಂತಿಲ್ಲ. ಮುಟ್ಟುವಂತಿಲ್ಲ. ಸುತ್ತಿ ಬಳಸಿ ಅವಳ ಮುಂದೆ ಹೋಗಿ ಮುಖ ತೋರಿಸೋಣವೆಂದರೆ ಅಲ್ಲಿ ಸಿಂಹ. ಮ್ವಿತಾ ತುಟಿಯಲ್ಲೇ "ಬೇಗ, ಬೇಗ" ಎನ್ನುತ್ತಿದ್ದ. ನನಗೆ ಬುದ್ಧಿ ಓಡಲಿಲ್ಲ. ತಲೆ ತಗ್ಗಿಸಿ ನೆಲ ನೋಡಿದೆ. ಸೂರ್ಯ ನನ್ನ ಬೆನ್ನಿಗಿದ್ದ. ನನ್ನ ನೆರಳು ಉದ್ದಕ್ಕೆ ಹುಲ್ಲಿನ ಮೇಲೆ ಬಿದ್ದು ಹುತ್ತದ ಬುಡ ಮುಟ್ಟಿತ್ತು.

ಒಂದೊಂದೇ ಹೆಜ್ಜೆ ಮುಂದಕ್ಕೂ ಪಕ್ಕಕ್ಕೂ ಸರಿದೆ. ನೆರಳೂ ಸರಿಯಿತು. ಹುತ್ತದ ಮಗ್ಗುಲು ಹತ್ತಿ, ಅವಳ ಮೊಣಕಾಲಿನ ಪಕ್ಕಕ್ಕೆ ಬಂತು. ತಲೆಗೆ ಕಟ್ಟಿದ ನನ್ನ ಬಟ್ಟೆಯ ಎರಡು ಗಂಟು ಆ ನೆರಳಿನಲ್ಲೂ ಎದ್ದು ಕಾಣುತ್ತಿತ್ತು. ಅವಳ ಭುಜ ಒಮ್ಮೆ ನಡುಗಿತು. ತಿರುಗಬೇಡ ತಾಯಿ, ಏಳಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ತಿರುಗಲಿಲ್ಲ. ಸಿಂಹದ ಮೇಲಿನ ಕಣ್ಣು ತೆಗೆಯದೆಯೇ, ಒಂದು ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಹುತ್ತದ ಮೇಲೆ ಬಿದ್ದ ನನ್ನ ನೆರಳಿನ ತಲೆಯನ್ನು ಅಂಗೈಯಿಂದ ಸವರಿದಳು.

ಆಮೇಲೆ ಕೂತಲ್ಲೇ ಹಿಂದಕ್ಕೆ ಜಾರತೊಡಗಿದಳು. ಒಂದು ಗೇಣು, ಇನ್ನೊಂದು ಗೇಣು. ಹುತ್ತದಿಂದ ಇಳಿದ ಮೇಲೆ ಅವಳ ಕಂಕುಳಿಗೆ ಕೈ ಹಾಕಿದೆ. ಅವಳ ಮೈ ಸೌದೆಯ ಹಾಗೆ ಬಿಗಿದಿತ್ತು. ಸಿಂಹ ಎದ್ದು ನಿಂತಿತು. ಮ್ವಿತಾ ಬಂದೂಕು ಎತ್ತಿದ. ಅದು ಬಾಲವನ್ನು ಒಮ್ಮೆ ನೆಲಕ್ಕೆ ಬಡಿಯಿತು, ಗಂಟಲಲ್ಲಿ ಗುಡುಗಿತು. ಅಜ್ಜಿಗೆ ಅದು ಕೇಳಲಿಲ್ಲ, ನನಗೆ ಕೇಳಿತು. ನಾನು ಬಟ್ಟೆ ಒದ್ದೆ ಮಾಡಿಕೊಂಡೆ. ಹೇಳಲು ನಾಚಿಕೆಯಿಲ್ಲ. ಹಿಂದೆ ಹಿಂದೆಯೇ ಹೆಜ್ಜೆ ಹಾಕಿ ಕೊರಕಲು ಮುಟ್ಟುವ ತನಕ ಅದು ನಮ್ಮನ್ನು ನೋಡುತ್ತ ನಿಂತಿತ್ತು. ಆಮೇಲೆ ಮರಿಯೊಂದು ಅದರ ಕಾಲಿಗೆ ಬಂದು ಉಜ್ಜಿತು, ಅದು ಮಲಗಿತು.

ರಸ್ತೆಗೆ ಬಂದ ಮೇಲೆ ಮ್ವಿತಾ ಕಿಬ್ವಾನನ ಲೈಸೆನ್ಸ್ ಕೇಳಿ ಇಸಿದುಕೊಂಡ. ಕಿಬ್ವಾನ ಕೊಟ್ಟ. ಡೋಮಾದ ತನಕ ಓಡಿಸು, ಅಲ್ಲಿಗೆ ನಿಮ್ಮ ಕಂಪನಿ ಬೇರೆ ಡ್ರೈವರನ್ನು ಕಳಿಸಲಿ ಎಂದು ಮ್ವಿತಾ ಹೇಳಿದ. ಕಿಬ್ವಾನ ತಲೆಯಾಡಿಸಿದ. ಅಜ್ಜಿಯನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಹಿಡಿದೇ ಇದ್ದಳು.

ಡೋಮಾದಲ್ಲಿ ಎಲ್ಲರೂ ಓಡಿ ಬಂದು ಲಾರಿಯನ್ನು ಮುತ್ತಿದರು. ಸೋಪಿಗಾಗಿ ಜಗಳವಾಡಿದವರೇ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಇನ್ಯಾಕಿ ಅಜ್ಜಿಯ ಕಾಲ ಬಳಿ ಕುಸಿದು ಕೂತ. ಚಹಾದಂಗಡಿಯ ಹೆಂಗಸರು ಮಂದಾಜಿ ಎಂಬ ಸಿಹಿ ಬನ್ನು ಕರಿಯುವುದನ್ನು ಬಿಟ್ಟು ನೋಡಲು ಬಂದರು. ಅಜ್ಜಿ ಇನ್ಯಾಕಿಯ ತಲೆ ನೇವರಿಸಿ, ಕಿವಿ ಕೇಳಿಸದವರು ಮಾತಾಡುವ ಹಾಗೆ ಜೋರಾಗಿ ಹೇಳಿದಳು:

"ಅಳ್ಬೇಡ್ವೋ. ನಂಗೆ ಅಷ್ಟೇನೂ ಹೆದರಿಕೆ ಆಗ್ಲಿಲ್ಲ. ಎರಡು ಲಾರಿ ಹೋದ್ವು, ನಿಲ್ಲಿಸ್ಲಿಲ್ಲ, ಹೋದ್ರೆ ಹೋಗ್ಲಿ ಅಂದ್ಕೊಂಡೆ. ಆನೆಗಳು ಬಂದ್ವು ಅಂತ ಆ ಹುತ್ತದ ಮೇಲೆ ಹೋಗಿ ಕೂತೆ. ಆಮೇಲೆ ತಾನೆ ಅದು ಕಂಡಿದ್ದು. ಆದ್ರೂ ಕೂತೇ ಇದ್ದೆ. ಯಾಕೆ ಗೊತ್ತಾ? ನ್ಯಾಮಿಜಿ ನನ್ನ ನೋಡಿದ್ಲು! ಕನ್ನಡೀಲಿ ನೋಡಿ, ಕಿಟಕಿಯಿಂದ ಕೈ ಬೀಸಿದ್ಲು. ಅಷ್ಟು ದೊಡ್ಡ ಗಾಡಿ ತಿರುಗಿಸೋಕೆ ಜಾಗ ಬೇಕಲ್ಲ, ಮುಂದೆ ಹೋಗಿ ತಿರುಗಿಸ್ಕೊಂಡು ಬರ್ತಾಳೆ ಅಂತ ನಂಗೆ ಗೊತ್ತಿತ್ತು." ನನ್ನ ಕಡೆ ತಿರುಗಿದಳು. "ನೋಡಿದ್ದೆ ತಾನೆ ನೀನು?"

"ಹೂಂ," ಎಂದೆ.

"ಏನು? ಜೋರಾಗಿ ಹೇಳು, ಕೇಳ್ಸಲ್ಲ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಿಬ್ವಾನ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು, ಬೇರೆ ಕಡೆ ಮುಖ ಮಾಡಿದ.

"ನೋಡಿದ್ದೆ ಅಜ್ಜೀ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಅಜ್ಜಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ನನ್ನ ಗಲ್ಲ ಹಿಡಿದು, ತುಟಿಯನ್ನು ಓದುವಂತೆ ದಿಟ್ಟಿಸಿ ಕೇಳಿದಳು.

"ಬರ್ತೀನಿ ಇರು ಅಂತ ತಾನೆ ಕೈ ಬೀಸಿದ್ದು?"

ಅದಕ್ಕೂ ಹೌದು ಎಂದು ಕೂಗಿದೆ.